ಸೀಟು ಸಿಕ್ತು, ಸಾಲ?

ರಾತ್ರಿ ಒಂಬತ್ತರ ಕಾರ್ಯಕ್ರಮ ಮುಗಿಸಿ, ಕಾಲರ್ ಮೈಕ್ ಬಿಚ್ಚಿ ಕೊಡ್ತಾ ಇದ್ದೆ. ನಮ್ಮ ಹುಡುಗನೊಬ್ಬ ಫೋನ್ ಹಿಡಿದುಕೊಂಡು ಓಡಿ ಬಂದ. 'ಸರ್, ಹಾವೇರಿ ಕಡೆಯವರು. ಮಧ್ಯಾಹ್ನದಿಂದ ಆರು ಸಲ ಮಾಡಿದ್ದಾರೆ. ನಿಮ್ಮ ಹತ್ರಾನೇ ಮಾತಾಡಬೇಕಂತೆ' ಅಂದ.

ಫೋನ್ ತಗೊಂಡೆ. ಆ ಕಡೆಯಿಂದ ಒಬ್ಬ ರೈತ. ಗೋವಿನಜೋಳ ಬೆಳೆಯುವವರು, ನಾಲ್ಕು ಎಕರೆ. ಮಗಳು ಸಿಇಟಿ ಬರೆದು ಎಂಜಿನಿಯರಿಂಗ್ ಸೀಟು ತಗೊಂಡಿದ್ದಾಳೆ. ಅವರು ಹೇಳಿದ್ದು ಒಂದೇ ಮಾತು: 'ಸೀಟ್ ಸಿಕ್ಕೈತ್ರಿ ಸರ್, ಸಾಲ ಸಿಗವಲ್ದು.'

ಬ್ಯಾಂಕಿನವರು ಏನಂದರು ಅಂತ ಕೇಳಿದೆ. 'ಹೊಲ ಯಾರ ಹೆಸರಿಗೈತಿ ಅಂತ ಕೇಳಿದ್ರು. ನಮ್ಮಪ್ಪನ ಹೆಸರಿಗೈತ್ರಿ, ಅವರು ತೀರಿಕೊಂಡು ಎಂಟು ವರ್ಷಾತು, ಪೌತಿ ಖಾತೆ ಆಗಿಲ್ಲ ಅಂದೆ. ಹಂಗಾದ್ರ ಅದನ್ನ ಮಾಡಿಸ್ಕೊಂಡು ಬಾ ಅಂದ್ರು. ಫೀ ಕಟ್ಟಾಕ ಐದು ದಿವಸ ಐತಿ ಸರ್. ಐದು ದಿವಸದಾಗ ಪೌತಿ ಖಾತೆ ಆಕ್ಕೈತೇನ್ರಿ?'

ಆಗಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು, ಆ ಮ್ಯಾನೇಜರಿಗೂ ಗೊತ್ತು. ಆದರೆ ಇಲ್ಲಿ ಇನ್ನೊಂದು ವಿಷಯ ಇದೆ. ಆ ಪ್ರಶ್ನೆಯನ್ನೇ ಮ್ಯಾನೇಜರ್ ಕೇಳಬಾರದಿತ್ತು. ಯಾಕೆ ಅಂತ ಹೇಳ್ತೀನಿ.

2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘ ಒಂದು ಮಾದರಿ ಶಿಕ್ಷಣ ಸಾಲ ಯೋಜನೆ ಮಾಡಿತು. ರಿಸರ್ವ್ ಬ್ಯಾಂಕು ಅದನ್ನು ಎಲ್ಲ ಬ್ಯಾಂಕುಗಳಿಗೆ ಕಳಿಸಿತು. ಆಮೇಲೆ ಹಲವು ಸಲ ತಿದ್ದುಪಡಿ ಆಗಿದೆ. ಇವತ್ತು ಅದರ ತಿರುಳು ಇಷ್ಟು: ನಾಲ್ಕು ಲಕ್ಷದವರೆಗೆ ಸಾಲ ಬೇಕಾದರೆ ಕೈಯಿಂದ ಒಂದು ರೂಪಾಯಿ ಹಾಕಬೇಕಾಗಿಲ್ಲ. ಏಳೂವರೆ ಲಕ್ಷದವರೆಗೆ ಮನೆ, ಹೊಲ, ಸೈಟು ಯಾವುದನ್ನೂ ಅಡ ಇಡಬೇಕಾಗಿಲ್ಲ. ಅಪ್ಪ ಅಥವಾ ಅಮ್ಮ ಜೊತೆಗೆ ಸಹಿ ಹಾಕಿದರೆ ಸಾಕು. ಅದರ ಮೇಲಿನ ಮೊತ್ತಕ್ಕೆ ಮಾತ್ರ ಆಸ್ತಿ ಭದ್ರತೆ. ಬ್ಯಾಂಕಿಗೆ ಭಯ ಇರಬಾರದು ಅಂತ 2015ರಲ್ಲಿ ಕೇಂದ್ರ ಸರ್ಕಾರ ಒಂದು ಖಾತರಿ ನಿಧಿಯನ್ನೂ ಮಾಡಿತು. ಏಳೂವರೆ ಲಕ್ಷದೊಳಗಿನ ಇಂಥ ಸಾಲ ಮುಳುಗಿದರೆ ಬಾಕಿಯ ಮುಕ್ಕಾಲು ಪಾಲನ್ನು ಆ ನಿಧಿ ತುಂಬಿಕೊಡುತ್ತೆ.

ಈ ಹುಡುಗಿಗೆ ಬೇಕಿದ್ದದ್ದು ಎಷ್ಟು? ಫೀಸು, ಹಾಸ್ಟೆಲ್ಲು, ಪುಸ್ತಕ ಎಲ್ಲ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ. ನಾಲ್ಕು ವರ್ಷಕ್ಕೆ ಆರು ಲಕ್ಷ. ಏಳೂವರೆಯ ಒಳಗೇ ಇದೆ. ಹಾಗಾದರೆ ಹೊಲ ಯಾರ ಹೆಸರಲ್ಲಿದ್ದರೆ ಏನು ಸ್ವಾಮಿ?

ಮ್ಯಾನೇಜರನ್ನು ಬೈದು ಕಾರ್ಯಕ್ರಮ ಮುಗಿಸೋದು ಸುಲಭ. ನಾವು ಟಿವಿಯವರು ಅದನ್ನೇ ಮಾಡೋದು. ಆದರೆ ಅವರ ಕುರ್ಚಿಯಲ್ಲಿ ಕೂತು ಒಂದು ನಿಮಿಷ ಯೋಚನೆ ಮಾಡೋಣ. ಟ್ರ್ಯಾಕ್ಟರಿಗೆ ಸಾಲ ಕೊಟ್ಟರೆ, ಕಂತು ನಿಂತ ದಿನ ಟ್ರ್ಯಾಕ್ಟರ್ ಎಳ್ಕೊಂಡು ಬರಬಹುದು. ಮನೆಗೆ ಕೊಟ್ಟರೆ ಮನೆ ಹರಾಜು ಹಾಕಬಹುದು. ಚಿನ್ನದ ಸಾಲ ಅಂದ್ರೆ ಚಿನ್ನ ತಿಜೋರಿಯಲ್ಲೇ ಇರುತ್ತೆ. ಓದಿಗೆ ಸಾಲ ಕೊಟ್ಟರೆ? ಹುಡುಗಿ ಕಲಿತ ಗಣಿತವನ್ನು ಜಪ್ತಿ ಮಾಡೋಕೆ ಆಗುತ್ತಾ? ಆಗಲ್ಲ. ಅದರ ಮೇಲೆ ನಾಲ್ಕು ವರ್ಷ ಕಾಯಬೇಕು, ಆಮೇಲೆ ಒಂದು ವರ್ಷ ಕೆಲಸ ಹುಡುಕೋಕೆ ಬಿಡಬೇಕು. ಐದು ವರ್ಷದ ಹೊತ್ತಿಗೆ ಆ ಮ್ಯಾನೇಜರ್ ಇನ್ನೊಂದು ಊರಲ್ಲಿರ್ತಾರೆ, ಆದರೆ ಸಾಲ ಕೊಟ್ಟ ಸಹಿ ಅವರದೇ. ಅದಕ್ಕೇ ಕಾನೂನು ಬೇಡ ಅಂದರೂ ಅವರ ಬಾಯಲ್ಲಿ 'ಹೊಲ ಯಾರ ಹೆಸರಲ್ಲಿದೆ' ಅನ್ನೋ ಪ್ರಶ್ನೆ ಬರುತ್ತೆ.

ಅಂದ್ರೆ ಓದಿನ ಸಾಲ ಅನ್ನೋದೇ ಬ್ಯಾಂಕಿನ ಸ್ವಭಾವಕ್ಕೆ ಒಗ್ಗದ ಸಾಲ. ಪ್ರಪಂಚದಲ್ಲಿ ಎಲ್ಲೇ ಆಗಲಿ, ಸರ್ಕಾರ ಹಿಂದೆ ನಿಲ್ಲದೆ ಬಡವರ ಮಕ್ಕಳಿಗೆ ಈ ಸಾಲ ಸಲೀಸಾಗಿ ಸಿಕ್ಕಿಲ್ಲ.

ಹಾಗಾದ್ರೆ ಈ ಸಾಲದ ಅಗತ್ಯ ಬಂದಿದ್ದಾದರೂ ಯಾವಾಗ? ನಾನು ಓದಿದ್ದು ಸರ್ಕಾರಿ ಕಾಲೇಜಿನಲ್ಲಿ. ವರ್ಷದ ಫೀಸು ಕೆಲವು ನೂರು ರೂಪಾಯಿ. ಅದರಲ್ಲೂ ವಿದ್ಯಾರ್ಥಿವೇತನ ಬರ್ತಿತ್ತು. ಸಾಲ ಅನ್ನೋ ಪದವೇ ನಮ್ಮ ಮನೆಯಲ್ಲಿ ಓದಿನ ಜೊತೆ ಸೇರಿರಲಿಲ್ಲ. ಆಮೇಲೆ ಬದಲಾಯ್ತು. ಆ ಬದಲಾವಣೆಯ ದೊಡ್ಡ ಅಧ್ಯಾಯಗಳು ಬರೆಸಿಕೊಂಡಿದ್ದು ನಮ್ಮ ಕರ್ನಾಟಕದಲ್ಲೇ.

ಖಾಸಗಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು ಇಲ್ಲಿ ಮೊದಲೇ ಬೆಳೆದವು. ಅವುಗಳ ಜೊತೆ ಡೊನೇಷನ್ನೂ ಬೆಳೀತು. 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಬಂತು. ಕಾಯ್ದೆ ಬಂದ ಮೇಲೂ, ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ 2,000 ರೂಪಾಯಿ ಇದ್ದಾಗ ಹೊರರಾಜ್ಯದವರಿಗೆ 60,000 ಅಂತ ಸರ್ಕಾರವೇ ಆದೇಶ ಮಾಡಿತ್ತು. ಅದನ್ನು ಪ್ರಶ್ನೆ ಮಾಡಿದ್ದೇ ಮೋಹಿನಿ ಜೈನ್ ಪ್ರಕರಣ. 1992ರಲ್ಲಿ ಸುಪ್ರೀಂ ಕೋರ್ಟು 'ಇದು ಕ್ಯಾಪಿಟೇಷನ್ನೇ, ನಡೆಯಲ್ಲ' ಅಂತು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು ಅಂತು. 1994ರಲ್ಲಿ ನಮ್ಮ ಸಿಇಟಿ ಶುರುವಾಯ್ತು. 'ಫ್ರೀ ಸೀಟು, ಪೇಮೆಂಟ್ ಸೀಟು' ಅನ್ನೋ ಮಾತು ಆಗ ಪ್ರತಿ ಮನೆಯ ಊಟದ ಹೊತ್ತಿನ ಮಾತು. ನೆನಪಿದೆಯಲ್ಲ? 2002ರಲ್ಲಿ ಮತ್ತೆ ಕರ್ನಾಟಕದ್ದೇ ಟಿಎಂಎ ಪೈ ಪ್ರಕರಣ. ಹನ್ನೊಂದು ನ್ಯಾಯಮೂರ್ತಿಗಳ ಪೀಠ ಉನ್ನಿಕೃಷ್ಣನ್ ವ್ಯವಸ್ಥೆಯನ್ನು ಪಕ್ಕಕ್ಕಿಟ್ಟು, ಅನುದಾನ ಪಡೆಯದ ಸಂಸ್ಥೆಗಳು ತಮ್ಮ ಖರ್ಚಿಗೆ ತಕ್ಕ ಫೀಸು ತಗೋಬಹುದು, ಆದರೆ ಲಾಭಕೋರತನ ಕೂಡದು ಅಂತ ಹೇಳಿತು.

ಈಗ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2001ರಲ್ಲಿ ಸಾಲದ ಯೋಜನೆ. 2002ರಲ್ಲಿ ಫೀಸಿನ ತೀರ್ಪು. ಯಾರೂ ಸಂಚು ಮಾಡಿದ್ದಲ್ಲ. ಆದರೆ ಒಂದು ಕಾಲದಲ್ಲಿ ಸರ್ಕಾರದ ಬಜೆಟ್ಟಿನಿಂದ ಹೋಗುತ್ತಿದ್ದ ಖರ್ಚು, ಈಗ ಹದಿನೆಂಟು ವರ್ಷದ ಹುಡುಗಿಯ ಮುಂದಿನ ಸಂಬಳದಿಂದ ಹೋಗಬೇಕು ಅಂತ ತೀರ್ಮಾನ ಆಯ್ತು. ಆ ತೀರ್ಮಾನಕ್ಕೆ ಚರ್ಚೆಯೇ ನಡೀಲಿಲ್ಲ ಅನ್ನೋದು ನನ್ನ ಅಳಲು.

ಸರಿ, ಸಾಲ ಸಿಕ್ಕಿತು ಅಂತಲೇ ಇಟ್ಕೊಳ್ಳಿ. ಲೆಕ್ಕ ಮಾಡೋಣ, ಪೆನ್ನು ತಗೊಳ್ಳಿ.

ವರ್ಷಕ್ಕೆ 1,50,000 ಹಾಗೆ ನಾಲ್ಕು ವರ್ಷ. ಬಡ್ಡಿ ಶೇಕಡಾ 10 ಅಂತ ಇಟ್ಟುಕೊಳ್ಳೋಣ. ಓದುವಾಗ ಮತ್ತು ಮುಗಿದ ಮೇಲಿನ ಒಂದು ವರ್ಷ ಕಂತು ಕಟ್ಟುವಂತಿಲ್ಲ. ಆದರೆ ಬಡ್ಡಿ ಮಲಗಿರಲ್ಲ. ಸರಳ ಬಡ್ಡಿ ಲೆಕ್ಕದಲ್ಲಿ ಮೊದಲ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ಎರಡು. ಕೂಡಿದರೆ 2,10,000 ರೂಪಾಯಿ. ಅಂದ್ರೆ ಮೊದಲ ಕಂತು ಕಟ್ಟುವ ದಿನ ಸಾಲ ಆರು ಲಕ್ಷ ಅಲ್ಲ, 8,10,000. ಹತ್ತು ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 10,700. ಹದಿನೈದು ವರ್ಷಕ್ಕೆ ಎಳೆದರೆ ಸುಮಾರು 8,700. ಹದಿನೈದು ವರ್ಷ ಕಟ್ಟಿ ಮುಗಿಸುವ ಹೊತ್ತಿಗೆ ಆರು ಲಕ್ಷಕ್ಕೆ ಕಟ್ಟಿದ್ದು ಹದಿನೈದೂವರೆ ಲಕ್ಷಕ್ಕಿಂತ ಜಾಸ್ತಿ.

ಈಗ ಆ ಹುಡುಗಿಗೆ ಬೆಂಗಳೂರಿನಲ್ಲಿ ಮೊದಲ ಕೆಲಸಕ್ಕೆ 22,000 ಸಂಬಳ ಬಂತು ಅಂದುಕೊಳ್ಳಿ. ಪಿಜಿಗೆ ಎಂಟು ಸಾವಿರ. ಕಂತು 8,700. ಬಸ್ಸು, ಫೋನು, ಮಧ್ಯಾಹ್ನದ ಊಟ. ಊರಿಗೆ ಏನು ಕಳಿಸ್ತಾಳೆ? ಅಪ್ಪ ನಾಲ್ಕು ವರ್ಷ ಕಾದಿದ್ದು ಇದಕ್ಕೇನಾ?

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. 2022ರಲ್ಲಿ ಸರ್ಕಾರಿ ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ ಶೇಕಡಾ ಎಂಟರ ಹತ್ತಿರ ವಸೂಲಾಗದ ಸಾಲ ಅಂತ ಸುದ್ದಿ ಬಂದಿತ್ತು. ನಾನು ಅದರ ಮೇಲೆ ಕಾರ್ಯಕ್ರಮ ಮಾಡಿದೆ. 'ಓದಿದವರೇ ಪಂಗನಾಮ ಹಾಕಿದರೆ?' ಅಂತ ಹೆಡ್ಡಿಂಗ್ ಕೊಟ್ಟೆ. ಚೆನ್ನಾಗಿ ಓಡ್ತು. ಮರುದಿನ ಒಬ್ಬ ಹುಡುಗ ಫೋನ್ ಮಾಡಿದ. ಸಿಟ್ಟಿರಲಿಲ್ಲ ಅವನಿಗೆ. 'ಸರ್, ನಾನು ಆ ಎಂಟರಲ್ಲಿ ಒಬ್ಬ' ಅಂದ.

ಎಂಜಿನಿಯರಿಂಗ್ ಮುಗಿಸಿದ್ದ. ಕ್ಯಾಂಪಸ್ ಸೆಲೆಕ್ಷನ್ ಆಗಲಿಲ್ಲ. 14,000ದ ಕೆಲಸ ಸಿಕ್ತು, ಕೊರೋನಾದಲ್ಲಿ ಅದೂ ಹೋಯ್ತು. ಮೂರು ಕಂತು ತಪ್ಪಿತು. ತೊಂಬತ್ತು ದಿನ ದಾಟಿದರೆ ಬ್ಯಾಂಕಿನ ಪುಸ್ತಕದಲ್ಲಿ ಅದು ಎನ್‌ಪಿಎ. ಅಷ್ಟಕ್ಕೇ ಮುಗೀಲಿಲ್ಲ. ಸಾಲಕ್ಕೆ ಅಪ್ಪನೂ ಸಹಿ ಹಾಕಿದ್ದರಲ್ಲ, ಅಪ್ಪನ ಸಿಬಿಲ್ ಸ್ಕೋರೂ ಬಿತ್ತು. ಎರಡು ವರ್ಷ ಬಿಟ್ಟು ತಂಗಿಗೆ ನರ್ಸಿಂಗ್ ಸೀಟು ಸಿಕ್ತು. ಬ್ಯಾಂಕಿಗೆ ಹೋದರೆ, 'ನಿಮ್ಮ ಮನೆಯ ಹಳೇ ಸಾಲವೇ ಬಾಕಿ ಇದೆ' ಅಂದರು. ಹುಡುಗ ಕೊನೆಗೆ ಹೇಳಿದ್ದು: 'ನಾನು ಓದಿದ್ದಕ್ಕೆ ನನ್ನ ತಂಗಿ ಓದೋ ಹಂಗಿಲ್ಲ ಸರ್.'

ನಾನು ಏನೂ ಮಾತಾಡಲಿಲ್ಲ. ಕೋಟಿಗಟ್ಟಲೆ ಎತ್ತಿಕೊಂಡು ವಿಮಾನ ಹತ್ತಿದವರಿಗೂ ಈ ಹುಡುಗನಿಗೂ ನಾನು ಒಂದೇ ಹೆಡ್ಡಿಂಗ್ ಕೊಟ್ಟಿದ್ದೆ.

ಈ ತೊಡಕು ನಮ್ಮದೊಂದೇ ಅಲ್ಲ. ಓದಿಗೆ ಸಾಲ ಕೊಡುವುದಕ್ಕೇ ಅಂತ ಸರ್ಕಾರಿ ಸಂಸ್ಥೆ ಮೊದಲು ಹುಟ್ಟಿದ್ದು ಅಮೆರಿಕದಲ್ಲಿ ಅಂದುಕೊಂಡಿದ್ದೀರಾ? ಅಲ್ಲ, ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ, 1950ರಲ್ಲಿ. ಇಸೆಟೆಕ್ಸ್ ಅಂತ ಹೆಸರು. ಅದನ್ನು ಕಟ್ಟಿದ ಗೇಬ್ರಿಯಲ್ ಬೆಟಾನ್‌ಕೋರ್ಟ್ ಸ್ವತಃ ಒಂದು ಜವಳಿ ಕಂಪನಿಯಿಂದ ಸಾಲ ಪಡೆದು ಅಮೆರಿಕದಲ್ಲಿ ಓದಿ ಬಂದವರು. ತನಗೆ ಸಿಕ್ಕಿದ್ದು ಬೇರೆಯವರಿಗೂ ಸಿಗಲಿ ಅಂತ ಮಾಡಿದ ಕೆಲಸ.

ಅದೇ ಖಂಡದ ಚಿಲಿಯಲ್ಲಿ 2005ರಲ್ಲಿ ನಮ್ಮ ಥರವೇ ಸರ್ಕಾರದ ಖಾತರಿ ಕೊಟ್ಟು ಬ್ಯಾಂಕುಗಳ ಕೈಯಿಂದ ಸಾಲ ಕೊಡಿಸಿದರು. ಕಾಲೇಜಿಗೆ ಹೋಗೋರ ಸಂಖ್ಯೆ ಏರಿತು, ನಿಜ. ಆದರೆ ಆರೇ ವರ್ಷಕ್ಕೆ, 2011ರಲ್ಲಿ, ಸಾಲದ ಹೊರೆಯಿಂದ ಕಂಗಾಲಾದ ವಿದ್ಯಾರ್ಥಿಗಳು ಲಕ್ಷಗಟ್ಟಲೆ ಬೀದಿಗಿಳಿದರು. ಸರ್ಕಾರ ಬಡ್ಡಿಯನ್ನು ಶೇಕಡಾ 2ಕ್ಕೆ ಇಳಿಸಿತು. 2016ರಿಂದ ಬಡ ಕುಟುಂಬದ ಮಕ್ಕಳಿಗೆ ಫೀಸೇ ಬೇಡ ಅಂತು. ದಕ್ಷಿಣ ಆಫ್ರಿಕಾದಲ್ಲೂ ಹಾಗೇ. 2015ರಲ್ಲಿ ಫೀಸು ಏರಿಕೆಯ ವಿರುದ್ಧ ದೊಡ್ಡ ಚಳವಳಿ ನಡೀತು. 2018ರಿಂದ ವರ್ಷಕ್ಕೆ ಮೂರೂವರೆ ಲಕ್ಷ ರ‍್ಯಾಂಡ್‌ವರೆಗೆ ಆದಾಯ ಇರುವ ಕುಟುಂಬಗಳ ಹೊಸ ವಿದ್ಯಾರ್ಥಿಗಳಿಗೆ ಸಾಲದ ಬದಲು ಸಹಾಯಧನ.

ಆಸ್ಟ್ರೇಲಿಯಾ ಶ್ರೀಮಂತ ದೇಶ, ಆದರೂ ಅಲ್ಲಿಯದೊಂದು ಉಪಾಯ ನಮ್ಮ ರೈತರಿಗೆ ಬೇಗ ಅರ್ಥ ಆಗುತ್ತೆ. ಹೊಲ ಮಾಡೋಕೆ ಕೊಡುವಾಗ ಎರಡು ಪದ್ಧತಿ ಇದೆಯಲ್ಲ? ಒಂದು ಗುತ್ತಿಗೆ. ಮಳೆ ಬರಲಿ ಬಿಡಲಿ, ಮಾತಾಡಿದಷ್ಟು ದುಡ್ಡು ಕೊಡಲೇಬೇಕು. ಇನ್ನೊಂದು ಕೋರು. ಬೆಳೆದಷ್ಟರಲ್ಲಿ ಪಾಲು. ಬೆಳೆ ಹೋದರೆ ಇಬ್ಬರದೂ ಹೋಯ್ತು. ನಮ್ಮ ಶಿಕ್ಷಣ ಸಾಲ ಗುತ್ತಿಗೆ ಇದ್ದ ಹಾಗೆ. ಕೆಲಸ ಇದೆಯೋ ಇಲ್ಲವೋ, ಐದನೇ ತಾರೀಖು 8,700 ಕಟ್ಟು. ಆಸ್ಟ್ರೇಲಿಯಾ 1989ರಲ್ಲಿ ಕೋರು ಪದ್ಧತಿ ತಂದಿತು. ಇಂತಿಷ್ಟು ಸಂಬಳ ದಾಟಿದ ಮೇಲೆ ಮಾತ್ರ, ತೆರಿಗೆಯ ಜೊತೆಗೇ, ಸಂಬಳಕ್ಕೆ ತಕ್ಕ ಹಾಗೆ ಕಡಿತ. ಕೆಲಸ ಹೋದರೆ ಕಂತೂ ನಿಲ್ಲುತ್ತೆ. ಎನ್‌ಪಿಎ ಅನ್ನೋ ಮಾತೇ ಬರಲ್ಲ, ತಂಗಿಯ ಸೀಟಿಗೂ ಕುತ್ತು ಬರಲ್ಲ.

ಇದನ್ನು ನಾಳೆಯೇ ಇಲ್ಲಿ ತರಬಹುದಾ? ಕಷ್ಟ ಇದೆ. ಕೋರಿಗೆ ಕೊಟ್ಟವನು ಕಣಕ್ಕೆ ಬಂದು ರಾಶಿ ನೋಡ್ತಾನೆ. ಸಂಬಳದ ರಾಶಿ ಸರ್ಕಾರಕ್ಕೆ ಕಾಣಬೇಕು. ನಮ್ಮಲ್ಲಿ ಬಹುಪಾಲು ಜನರಿಗೆ ಸಂಬಳದ ಚೀಟಿಯೇ ಇಲ್ಲ, ಆದಾಯ ತೆರಿಗೆ ಕಟ್ಟುವವರು ಕೆಲವೇ ಜನ. ಥಾಯ್ಲೆಂಡ್ 2006ರಲ್ಲಿ ಇಂಥದ್ದನ್ನು ಶುರು ಮಾಡಿ ಬೇಗನೆ ಹಿಂದೆ ಸರಿಯಿತು. ಆದರೂ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರುವವರಲ್ಲಿ ಪಿಎಫ್ ಇರುವವರು, ಪ್ಯಾನ್ ಇರುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಅವರಿಂದಲೇ ಶುರು ಮಾಡಬಹುದು. ಮಾಡುವ ಮನಸ್ಸು ಬೇಕು.

ನಮ್ಮ ಸರ್ಕಾರ ಏನೂ ಮಾಡಿಲ್ಲ ಅಂದರೆ ಸುಳ್ಳಾಗುತ್ತೆ. ಕುಟುಂಬದ ವರ್ಷದ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ, ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳಿಗೆ, ಓದುವ ಅವಧಿ ಮತ್ತು ಮುಂದಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರವೇ ಕಟ್ಟುವ ಯೋಜನೆ 2009ರಿಂದ ಇದೆ. ಮೇಲೆ ಲೆಕ್ಕ ಹಾಕಿದ 2,10,000 ಇದೆಯಲ್ಲ, ಅದು ಪೂರ್ತಿ ಮನ್ನಾ ಆದ ಹಾಗೆ. ದೇಶಕ್ಕೆಲ್ಲ ಇದರ ನೋಡಲ್ ಬ್ಯಾಂಕು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು. ಅಮ್ಮೆಂಬಳ ಸುಬ್ಬರಾವ್ ಪೈಯವರು 1891ರಲ್ಲಿ ಕೆನರಾ ಹೈಸ್ಕೂಲು ತೆರೆದವರು, 1906ರಲ್ಲಿ ಬ್ಯಾಂಕು ತೆರೆದರು. ಮೊದಲು ಶಾಲೆ, ಆಮೇಲೆ ಬ್ಯಾಂಕು. ಈ ಕ್ರಮ ಎಲ್ಲ ಬ್ಯಾಂಕಿನವರಿಗೂ ನೆನಪಿರಲಿ.

2024ರ ನವೆಂಬರಿನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಮೆರಿಟ್ ಮೇಲೆ ಸೀಟು ಸಿಕ್ಕಿದರೆ ಅಡಮಾನವೂ ಬೇಡ, ಜಾಮೀನೂ ಬೇಡ. ಎಂಟು ಲಕ್ಷದೊಳಗೆ ಆದಾಯ ಇದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇಕಡಾ 3 ರಿಯಾಯಿತಿ, ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ. ಒಳ್ಳೆಯದೇ. ಆದರೆ ಶುರುವಿಗೆ ಇದು ಅನ್ವಯ ಆಗಿದ್ದು ಒಳ್ಳೆಯ ರ‍್ಯಾಂಕಿಂಗ್ ಇರುವ 860 ಸಂಸ್ಥೆಗಳಿಗೆ. ದೇಶದಲ್ಲಿ ಕಾಲೇಜುಗಳೇ 45 ಸಾವಿರದ ಮೇಲಿವೆ. ಹಳ್ಳಿಯ ಬಡ ಮಕ್ಕಳಲ್ಲಿ ಹೆಚ್ಚಿನವರು ಓದೋದು ಪಟ್ಟಿಯಲ್ಲಿ ಇಲ್ಲದ ಕಾಲೇಜಿನಲ್ಲಿ. ಕರ್ನಾಟಕದಲ್ಲಿ 18ರಿಂದ 23 ವಯಸ್ಸಿನವರಿಗೆ ಹೋಲಿಸಿದರೆ ಕಾಲೇಜು ಸೇರಿದವರು 2021-22ರಲ್ಲಿ ನೂರಕ್ಕೆ 36, ದೇಶದಲ್ಲಿ 28. ಇದನ್ನು 2035ಕ್ಕೆ ಐವತ್ತು ಮಾಡ್ತೀವಿ ಅಂತ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತೆ. ಆ ಹೊಸಬರು ಬರಬೇಕಾದ್ದು ಯಾವ ಮನೆಗಳಿಂದ? ಪೌತಿ ಖಾತೆ ಆಗದ ಮನೆಗಳಿಂದಲೇ ಅಲ್ವಾ?

ಈಗ ಕೆಲಸದ ಮಾತು. ನಿಮ್ಮ ಮನೆಯಲ್ಲಿ ಪಿಯುಸಿ ಓದೋ ಮಕ್ಕಳಿದ್ದರೆ ಇದನ್ನು ಬರೆದಿಟ್ಟುಕೊಳ್ಳಿ.

ಸೀಟು ಸಿಗೋತನಕ ಕಾಯಬೇಡಿ. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿ, ಅಪ್ಪ-ಅಮ್ಮನ ಪ್ಯಾನ್, ಅಂಕಪಟ್ಟಿ ಜೋಡಿಸಿಡಿ. ಬಾಯಿಮಾತಲ್ಲಿ ಕೇಳಬೇಡಿ, ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಿ. ಬಾಯಿಮಾತಿಗೆ ದಾಖಲೆ ಇರಲ್ಲ, ಅರ್ಜಿಗೆ ನಂಬರ್ ಇರುತ್ತೆ. ಆಗಲ್ಲ ಅಂದರೆ ಕಾರಣ ಬರೆದುಕೊಡಿ ಅಂತ ವಿನಯದಿಂದ ಕೇಳಿ. ಶಾಖೆಯ ಮ್ಯಾನೇಜರ್ ತಾವೊಬ್ಬರೇ ತಿರಸ್ಕರಿಸುವ ಹಾಗಿಲ್ಲ, ಮೇಲಿನವರ ಒಪ್ಪಿಗೆ ಬೇಕು ಅಂತ ಮಾದರಿ ಯೋಜನೆಯೇ ಹೇಳುತ್ತೆ. 'ನಿಮ್ಮ ಊರು ನಮ್ಮ ಶಾಖೆಯ ವ್ಯಾಪ್ತಿಗೆ ಬರಲ್ಲ' ಅನ್ನೋ ನೆಪ ಕೂಡದು ಅಂತ ರಿಸರ್ವ್ ಬ್ಯಾಂಕು 2012ರಲ್ಲೇ ಹೇಳಿದೆ. ಸಿಬಿಲ್ ಸ್ಕೋರು ಕಡಿಮೆ ಅನ್ನೋದೊಂದೇ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು ಅಂತ ಕೇರಳ ಹೈಕೋರ್ಟು 2023ರಲ್ಲಿ ಹೇಳಿದೆ. ಅದಕ್ಕೂ ಜಗ್ಗದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್, ಆಮೇಲೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಮಕ್ಕಳಿಗೆ ರಾಜ್ಯದ ನಿಗಮಗಳ 'ಅರಿವು' ಸಾಲ ಇದೆ. ಬಡ್ಡಿ ಶೇಕಡಾ 2 ಮಾತ್ರ. ಬ್ಯಾಂಕಿಗೆ ಹೋಗುವ ಮೊದಲು ಅದನ್ನು ವಿಚಾರಿಸಿ.

ಸಾಲ ಬಂದ ಮೇಲೆ, ಕೈಲಾದರೆ ಓದುವಾಗಲೇ ಬಡ್ಡಿ ಕಟ್ಟುತ್ತಾ ಬನ್ನಿ. ಆಗ ಹಲವು ಬ್ಯಾಂಕುಗಳು ಶೇಕಡಾ 1 ರಿಯಾಯಿತಿ ಕೊಡ್ತವೆ. ಕೆಲಸ ಸಿಗದಿದ್ದರೆ ಫೋನ್ ಸ್ವಿಚ್ ಆಫ್ ಮಾಡಿ ಕೂರಬೇಡಿ. ಮೂರನೇ ಕಂತು ತಪ್ಪುವ ಮೊದಲೇ ಹೋಗಿ ಅವಧಿ ವಿಸ್ತರಣೆ ಕೇಳಿ. ನನಗೆ ಫೋನ್ ಮಾಡಿದ ಆ ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಇನ್ನೊಂದು ಮಾತು ಮನೆಯವರಿಗೆ. ಮಗನಿಗಾದರೆ ಸಾಲ ಮಾಡ್ತೀವಿ, ಮಗಳಿಗೆ ಯೋಚನೆ ಮಾಡ್ತೀವಿ. 'ನಾಳೆ ಮದುವೆಯಾದ ಮೇಲೆ ಕಂತು ಯಾರು ಕಟ್ಟೋದು?' ಅಂತೀವಿ. ಅವಳೇ ಕಟ್ಟೋದು ಸ್ವಾಮಿ. ದುಡಿಯೋಳು ಅವಳಲ್ವಾ? ಮದುವೆಗೆ ಅಂತ ಕೈಸಾಲ ಮಾಡುವಾಗ ಇಷ್ಟು ಲೆಕ್ಕ ಹಾಕ್ತೀವಾ?

ಹಾವೇರಿಯ ಆ ರೈತರ ವಿಷಯ ಏನಾಯ್ತು ಅಂತ ಕೇಳ್ತೀರಿ. ಪೋರ್ಟಲಿನಲ್ಲಿ ಅರ್ಜಿ ಹಾಕಿಸಿದೆವು. ಅವರು ಮತ್ತೆ ಬ್ಯಾಂಕಿಗೆ ಹೋಗಿ, 'ಆಗಲ್ಲ ಅಂದ್ರ ಬರದು ಕೊಡ್ರಿ ಸಾಹೇಬ್ರ' ಅಂದರಂತೆ. ಮ್ಯಾನೇಜರ್ ಕೂರಿಸಿ ಮಾತಾಡಿದರಂತೆ. ಹೊಲದ ಮಾತು ಮತ್ತೆ ಬರಲಿಲ್ಲ. ಇಪ್ಪತ್ತೆರಡನೇ ದಿನ ಸಾಲ ಮಂಜೂರಾಯ್ತು.

ಆದರೆ ಫೀಸು ಕಟ್ಟೋಕೆ ಇದ್ದದ್ದು ಐದು ದಿನ. ಆ ಐದು ದಿನದಲ್ಲಿ ಅವರ ಹೆಂಡತಿ ತಮ್ಮ ಸರ ಒಯ್ದು ಅಡ ಇಟ್ಟು ಮೊದಲ ವರ್ಷದ ಫೀಸು ಕಟ್ಟಿದ್ದರು. ಹುಡುಗಿ ಕಾಲೇಜಿಗೆ ಹೋಗ್ತಿದ್ದಾಳೆ. ಮೊನ್ನೆ ಫೋನ್ ಮಾಡಿದಾಗ ಸರ ಬಿಡಿಸಿಕೊಂಡ್ರಾ ಅಂತ ಕೇಳಿದೆ.

'ಜೋಳ ಮಾರಿ ಬಿಡಿಸ್ಬೇಕ್ರಿ ಸರ್. ಈ ಸಲ ಮಳಿ ಚಲೋ ಐತಿ' ಅಂದರು.